ಅಕ್ಕನ ಕಿಡ್ನಿ, ತಮ್ಮನ ಇಂಜೆಕ್ಷನ್

ತಮ್ಮನಿಗೆ ಮತ್ತೆ ನೆಗಡಿ ಅಂತ ಕೇಳಿದ್ದೇ ತಡ, ಅಕ್ಕ ಪಾರ್ಸೆಲ್ ಡಬ್ಬಿಯನ್ನು ಎದೆಗವಚಿಕೊಂಡು ಅವನ ವಾಚ್ ರಿಪೇರಿ ಅಂಗಡಿಗೆ ಒಂದೇ ಉಸಿರಿಗೆ ಬಂದಳು. ಹೋದ ವರ್ಷ ತನ್ನದೊಂದು ಕಿಡ್ನಿ ಕೊಟ್ಟು ಅವನನ್ನು ಉಳಿಸಿಕೊಂಡವಳು. ಅವನು ಸೀನಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು.

ಡಬ್ಬಿಯಲ್ಲಿ ಪುಟ್ಟ ಪುಟ್ಟ ಬಾಟಲಿಗಳು. ಕರುವಿನ ಎದೆಯೊಳಗಿನ ಥೈಮಸ್ ಗ್ರಂಥಿಯ ಸಾರವಂತೆ, ಪೆಪ್ಟೈಡ್ ಅನ್ನೋ ಪ್ರೋಟೀನಿನ ತುಣುಕಂತೆ, ಚುಚ್ಚಿಸಿಕೊಂಡರೆ ರೋಗನಿರೋಧಕ ಶಕ್ತಿ ಉಕ್ಕಿ ಬರುತ್ತದಂತೆ. ಫೋನಿನಲ್ಲಿ ನೋಡಿ ತರಿಸಿದ್ದಳು. ಸಂಭ್ರಮದಲ್ಲಿ ಪಕ್ಕದ ಕ್ಲಿನಿಕ್ಕಿನ ನರ್ಸಮ್ಮನನ್ನೂ ಕೈಹಿಡಿದು ಎಳೆದು ತಂದಿದ್ದಳು. ತಮ್ಮ ಆಗಲೇ ಅಂಗಿಯ ತೋಳು ಮೇಲಕ್ಕೇರಿಸಿ ಕೂತಿದ್ದ.

ನರ್ಸಮ್ಮ ಬಾಟಲಿಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ನಾನು ಚುಚ್ಚಲ್ಲ ಕಣಮ್ಮ."

ಅಕ್ಕನಿಗೆ ರೇಗಿತು. ಶಕ್ತಿ ಬರೋ ಔಷಧಿ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು ಎಂದಳು.

"ಆ ಶಕ್ತಿಯಿಂದಲೇ ಇವನಿಗೆ ಅಪಾಯ. ಇವನ ಮೈಗೆ ನಿನ್ನ ಕಿಡ್ನಿ ಇನ್ನೂ ಹೊರಗಿನದೇ. ಅದರ ಮೇಲೆ ಬೀಳದ ಹಾಗೆ ಮೈಯ ಕಾವಲನ್ನ ತಗ್ಗಿಸಿಡೋಕೇ ದಿನಾ ಮಾತ್ರೆ ನುಂಗೋದು. ಇದು ಆ ಕಾವಲನ್ನ ಕೆರಳಿಸಿಬಿಟ್ರೆ ಮೊದಲು ಹೋಗೋದು ಯಾವುದು ಹೇಳು?"

ಅಕ್ಕನ ಕೈ ತಾನಾಗಿ ಪಕ್ಕೆಯ ಹೊಲಿಗೆ ಗುರುತಿನ ಮೇಲೆ ಹೋಯಿತು.

"ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋಕೆ ಬಂದಿದ್ದೀಯ ಅನ್ನು," ಎಂದ ತಮ್ಮ, ಮೂಗೊರೆಸಿಕೊಂಡು.

ಆದರೂ ಅವಳಿಗೊಂದು ಅನುಮಾನ. ಕೆಲವು ದೇಶಗಳಲ್ಲಿ ಇದನ್ನು ಡಾಕ್ಟರುಗಳೇ ಕೊಡುತ್ತಾರಂತಲ್ಲ? ನರ್ಸಮ್ಮ ಹೌದೆಂದರು. ಈ ಬಗೆಯ ಕೆಲವು ಔಷಧಿಗಳಿಗೆ ಕೆಲವು ಕಡೆ ಅನುಮತಿ ಉಂಟು. ಅದೂ ಪರೀಕ್ಷೆಯಾದ ಮೇಲೆ, ಇಂಥದೇ ಕಾಯಿಲೆಗೆ ಅಂತ, ಡಾಕ್ಟರ ಚೀಟಿಯ ಮೇಲೆ. ಇದರಲ್ಲೋ ಲೈಸೆನ್ಸ್ ನಂಬರೂ ಇಲ್ಲ, ತಯಾರಿಸಿದವರ ವಿಳಾಸವೂ ಇಲ್ಲ. ಒಳಗೇನಿದೆ ಎಂದು ನೋಡಿದವರು ಯಾರು?

ತಮ್ಮ ತನ್ನ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಬಾಟಲಿ ನೋಡಿದ. "ಅಕ್ಕ, ಗುರುತಿಲ್ಲದ ಬ್ಯಾಟರಿನ ನಾನು ಗಿರಾಕಿ ವಾಚಿಗೇ ಹಾಕಲ್ಲ. ಸೋರಿದ್ರೆ ಮೆಷಿನ್ನೇ ಹಾಳು."

ಅಕ್ಕ ಡಬ್ಬಿ ಮುಚ್ಚಿದಳು. "ಎದ್ದು ಚಪ್ಪಲಿ ಹಾಕ್ಕೋ. ನಮ್ಮ ಕಿಡ್ನಿ ಡಾಕ್ಟರ ಹತ್ರ ಹೋಗೋಣ."

ಡಾಕ್ಟರು ಪರೀಕ್ಷೆ ಮಾಡಿ, ಬರೀ ನೆಗಡಿ, ಕಿಡ್ನಿ ಚೆನ್ನಾಗಿದೆ ಎಂದಾಗ ಅಕ್ಕ ಅಲ್ಲೇ ತಮ್ಮನ ಬೆನ್ನಿಗೊಂದು ಗುದ್ದಿದಳು, ಖುಷಿಗೆ. ಡಬ್ಬಿ ಅಲ್ಲಿಂದ ನೇರ ಔಷಧ ನಿಯಂತ್ರಣ ಕಚೇರಿಗೆ ಹೋಯಿತು.

ನಿಮ್ಮ ಮನೆಗೂ ಇಂಥ ಡಬ್ಬಿ ಬಂದೀತು, ತಂದವರು ನಿಮ್ಮ ಮೇಲೆ ಪ್ರಾಣ ಇಟ್ಟುಕೊಂಡವರೇ ಇದ್ದಾರು. ಬಾಟಲಿ ತಿರುಗಿಸಿ ನೋಡಿ. ನಿಮ್ಮ ಕಾಯಿಲೆ ಬಲ್ಲ ಡಾಕ್ಟರನ್ನು ಕೇಳಿ. ಗುರುತಿಲ್ಲದ ಔಷಧಿ ಕಂಡರೆ ಸುಮ್ಮನಿರದೆ ದೂರು ಕೊಡಿ. ಆ ಡಾಕ್ಟರು ಸರಿ ಅನ್ನುವವರೆಗೆ ಅಂಗಿಯ ತೋಳು ಇಳಿಸಿಯೇ ಇರಲಿ.