ಕರಿಯಪ್ಪನ ಕಡೇ ಪ್ರಸಾರ

ಶಿವರಾಜು ಚಟ್ಟದ ಬಿದಿರಿಗೆ ಹುರಿ ಬಿಗಿಯುತ್ತಿದ್ದಾಗ, ಸತ್ತ ಕರಿಯಪ್ಪನ ಮಗ ಯತೀಶ ಅಟ್ಟದಿಂದ ಹಳೇ ಟೀವಿಯನ್ನು ತಬ್ಬಿಕೊಂಡು ಇಳಿದ. ಹಿಂದೆಯೇ ತಾಯಿ ಮಾಯಮ್ಮ ಸೆರಗಿನಲ್ಲಿ ಧೂಳೊರೆಸುತ್ತ ಕ್ಯಾಸೆಟ್ಟಿನ ಬುಟ್ಟಿ ತಂದಳು.

"ನಮ್ ಗಗನಕ್ಕ ಮಳವಳ್ಳಿಯಿಂದ ಬರೋಗಂಟ ಅಪ್ಪನ್ನ ಎತ್ತಂಗಿಲ್ಲ," ಅಂದ ಯತೀಶ. "ಊರಲ್ಲಿ ಯಾರ್ ಸತ್ರೂ ನಮ್ಮಪ್ಪ ಚಾನೆಲ್ಲಲ್ಲಿ ಪಿಚ್ಚರ್ ನಿಲ್ಸಿ ಅವರ ಪೋಟ ಆಕ್ತಿದ್ದ. ಅವನಿಗೆ ಯಾರು ಆಕೋರು? ಅವನು ತೆಗ್ದಿದ್ದನ್ನೇ ಆಕ್ತೀನಿ. ನೋಡ್ಲಿ ಜನ."

ಕರಿಯಪ್ಪನನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಿಗೆ ಹೂವು, ಗಲ್ಲಕ್ಕೆ ಬಿಳಿ ಬಟ್ಟೆಯ ಕಟ್ಟು. ಕಟ್ಟಿದವನು ಶಿವರಾಜುವೇ. ಬೆಳಿಗ್ಗೆ ಗಂಟು ಬಿಗಿಯುವಾಗ, ಇನ್ನು ಈ ಬಾಯಿ ತೆರೆಯುವುದಿಲ್ಲವೆಂದು ಅವನ ಎದೆ ಹಗುರಾಗಿತ್ತು. ಹಗುರಾದದ್ದಕ್ಕೆ ನಾಚಿಕೆಯೂ ಆಗಿತ್ತು.

ಈಗ ಹುರಿ ಕೈಯಿಂದ ಜಾರಿತು.

"ಬೂಸ್ಲು ಹಿಡ್ದಿರ್ತದೆ ಕಣ್ಲಾ, ಸುಮ್ಕಿರು," ಅಂದ.

"ಆಕ್ಲಿ ಬುಡು ಸಿವರಾಜು," ಎಂದ ಕುರ್ಚಿಯಲ್ಲಿ ಕೂತಿದ್ದ ಸ್ವಾಮಿ. ಎಡಗಣ್ಣು ಹೋಗುವವರೆಗೆ ಅವನು ಬಸ್ಸಿನ ಕಂಡಕ್ಟರು. "ನನ್ ಮಗಳ ನಾಮಕರಣನೂ ಅದ್ರಲ್ಲೇ ಅದೆ."

"ಎಲ್ ಬತ್ತದೆ ನಿನ್ ನಾಮಕರಣ?" ನೆರೆಮನೆಯ ರವಿಚಂದ್ರ ಬಾಯಿ ಹಾಕಿದ. "ನಮ್ ತಂಗಿ ಮದ್ವೇದು ಆಕುದ್ರೆ, ತಾಳಿ ಕಟ್ಟೋ ಒತ್ಗೆ ಎತ್ತಿನ ಗಾಡಿ ಓಟ ಬತ್ತದೆ."

ಚಪ್ಪರದಡಿ ನಾಲ್ಕಾರು ಜನ ನಕ್ಕರು. ಹೆಣದ ಕಡೆ ನೋಡಿ ಸುಮ್ಮನಾದರು.

*

ಕರಿಯಪ್ಪನ ಚಾನೆಲ್ಲು ಅಂದರೆ ಪಡಸಾಲೆಯ ಒಂದು ಮೂಲೆ. ಅಲ್ಲೊಂದು ಕ್ಯಾಸೆಟ್ ಡೆಕ್ಕು. ಅಲ್ಲಿಂದ ಹೊರಟು ಹೊಂಗೆ, ತೆಂಗಿನ ಮರಗಳನ್ನು ಸುತ್ತಿಕೊಂಡು ತಮ್ಮೂರು ಆತಗೂರಿನ ಮನೆಗಳಿಗೆ ಹೋದ ಕಪ್ಪು ವೈರು. ಸ್ಕೂಲ್ ಡೇ, ಮದುವೆ, ತಪ್ಪಿಸಿಕೊಂಡ ಎಮ್ಮೆ ಎಲ್ಲವೂ ಸಂಜೆಗೆ ಟೀವಿಯಲ್ಲಿ. ಹೊಸ ಕ್ಯಾಸೆಟ್ಟು ಕೊಳ್ಳುವ ಆಸಾಮಿಯಲ್ಲ, ಹಳೆಯದರ ಮೇಲೆಯೇ ತುಂಬುತ್ತಿದ್ದ. ಮೊಬೈಲು ಬಂದ ಮೇಲೆ ಚಾನೆಲ್ಲು ನಿಂತು, ವೈರು ಮರದಲ್ಲೇ ಉಳಿಯಿತು.

ಕಾವೇರಿ ಗಲಾಟೆಯ ವರ್ಷ ಸೋಮನಹಳ್ಳಿ ಹತ್ತಿರ ಹೆದ್ದಾರಿ ತಡೆದಾಗ ಅವನೂ ಕ್ಯಾಮೆರಾ ಹೊತ್ತು ಹೋಗಿದ್ದ. ನಿಂತಿದ್ದ ಬಸ್ಸಿಗೆ ಗುಂಪಿನಿಂದ ಬಿದ್ದದ್ದು ಒಂದೇ ಕಲ್ಲು. ಎಸೆದು ತಿರುಗಿದ ಶಿವರಾಜುವಿನ ಎದುರಿಗೆ ಕ್ಯಾಮೆರಾದ ಗಾಜಿತ್ತು. ಬಸ್ಸಿನೊಳಗೆ ಕಣ್ಣಿಗೆ ಏಟು ತಿಂದವನು ತಮ್ಮೂರಿನ ಸ್ವಾಮಿಯೆಂದು ತಿಳಿದದ್ದು ಸಂಜೆ.

ಪೊಲೀಸರು ಬಂದು ಕ್ಯಾಸೆಟ್ಟು ಕೇಳಿದರು. "ಅದ್ರ ಮ್ಯಾಲೆ ಮದ್ವೆ ತುಂಬುಟ್ಟೆ ಸಾ," ಅಂದ ಕರಿಯಪ್ಪ. ಅವರು ಹೋದ ಮೇಲೆ ಶಿವರಾಜುವಿನ ಹತ್ತಿರ ಬಂದು ಒಂದೇ ಮಾತಾಡಿದ.

"ನಿನ್ ಮಖ ಬೋ ಚೆಂದಾಗ್ ಬಂದದೆ ಕಣ್ಲಾ."

ಮತ್ತೆಂದೂ ಆ ಮಾತೆತ್ತಲಿಲ್ಲ. ಎತ್ತದೇ ಇದ್ದದ್ದೇ ಶಿವರಾಜುವಿನ ನಿದ್ದೆ ಕೆಡಿಸಿತು. ಸ್ವಾಮಿಯನ್ನು ಮಂಡ್ಯದ ಕಣ್ಣಾಸ್ಪತ್ರೆಗೆ ಕರೆದೊಯ್ಯುವವನು ಅವನೇ, ಸುಗ್ಗಿಯಲ್ಲಿ ರಾಗಿ ಕಳಿಸುವವನೂ ಅವನೇ. ದೇವ್ರಂತ ಮನ್ಸ ಎಂದು ಸ್ವಾಮಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದ.

*

ಯತೀಶ ಕೈಗೆ ಸಿಕ್ಕ ಕ್ಯಾಸೆಟ್ಟು ತುರುಕಿದ, ಡೆಕ್ಕು ಕಿರುಗುಟ್ಟಿ ತಿರುಗಿತು. ಮೊದಲು ಬಂದದ್ದು ದನಿ.

"ಸರ್ಕಳ್ರೋ, ಅಡ್ಡ ನಿಂತ್ಕಬ್ಯಾಡಿ."

ಮಾಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಗಲ್ಲ ಕಟ್ಟಿಸಿಕೊಂಡವನ ದನಿ ಟೀವಿಯೊಳಗಿಂದ ಇನ್ನೊಮ್ಮೆ ಬಂತು. ಆಮೇಲೆ ಉರಿಯುವ ಟೈರು, ಹೊಗೆ, ಹೊಗೆಯಾಚೆ ಬಸ್ಸು.

ಸ್ವಾಮಿ ಕುರ್ಚಿಯನ್ನು ಮುಂದಕ್ಕೆಳೆದ. "ನಮ್ ಬಸ್ಸಲ್ವಾ ಅದು? ಅವತ್ತಿಂದು."

ಶಿವರಾಜು ಎದ್ದು ಪ್ಲಗ್ಗಿನ ಕಡೆ ಹೆಜ್ಜೆಯಿಟ್ಟ. ಸ್ವಾಮಿ ಅವನ ಬಲಗೈ ಹಿಡಿದ.

"ಎಲ್ಲೋಯ್ತೀಯ? ಕುತ್ಕೊ. ನಂಗೆ ಸರ್ಯಾಗ್ ಕಾಣಲ್ಲ. ಒಡ್ದೋನ್ ಮಖ ಬಂದ್ರೆ ನೀ ನೋಡಿ ನಂಗೇಳು."

ಶಿವರಾಜು ಕೂತ. ಸ್ವಾಮಿ ಹಿಡಿದ ಕೈ ಬಿಡಲಿಲ್ಲ.

ಚೌಕಳಿ ಅಂಗಿಯ ಬೆನ್ನೊಂದು ಬಾಗಿತು, ಎದ್ದಿತು. ತೋಳು ಮೇಲಕ್ಕೆ ಹೋಗಿ ಬೀಸಿತು. ತಲೆ ಇತ್ತ ತಿರುಗತೊಡಗಿತು. ಕಿವಿ ಕಂಡಿತು, ಕೆನ್ನೆಯ ಅಂಚು ಕಂಡಿತು.

ಪರದೆಯ ಮೇಲೆ ಬಿಳಿ ಗೆರೆಗಳು ಹರಿದಾಡಿದವು. ಎಲ್ಲಿಂದಲೋ ಓಲಗ ಕೇಳಿಸಿತು. ಹಸಿರು ಚಪ್ಪರ, ಬಾಸಿಂಗ ಕಟ್ಟಿಕೊಂಡ ಗಂಡು, ಪಕ್ಕದಲ್ಲಿ ತಲೆ ಬಗ್ಗಿಸಿದ ಹೆಣ್ಣು.

"ನಾ ಏಳ್ಲಿಲ್ವಾ," ಎಂದ ರವಿಚಂದ್ರ. "ಬಂತು ನೋಡು ಮದ್ವೆ."

"ಇನ್ನೊಂದ್ ಗಳಿಗೆ ತಡ್ದಿದ್ರೆ ಸಿಕ್ಬುಡ್ತಿದ್ದ ನನ್ಮಗ," ಎಂದು ಸ್ವಾಮಿ ಉಸಿರುಬಿಟ್ಟ. "ಯಾರ್ದು ಮದ್ವೆ, ಸಿವರಾಜು?"

"ನಂದು."

ಅವನು ಜಗುಲಿಯತ್ತ ನೋಡಿದ. ಕರಿಯಪ್ಪ ಮದುವೆಯನ್ನು ಕ್ಯಾಸೆಟ್ಟಿನ ಮೊದಲಿಂದ ತುಂಬಿರಲಿಲ್ಲ. ಮುಖ ತಿರುಗುವ ಜಾಗ ಹುಡುಕಿ, ಅಲ್ಲಿಂದ ತುಂಬಿದ್ದ. ಮುಚ್ಚಿದ ರೆಪ್ಪೆಗಳ ಮೇಲೆ ನೊಣವೊಂದು ಕೂತಿತ್ತು.

"ನಾನೂ ಬಂದಿದ್ದೆ ಅಲ್ವಾ," ಸ್ವಾಮಿಯ ದನಿ ಮೆತ್ತಗಾಯಿತು. "ಪಟ್ಟಿ ಇನ್ನೂ ಬಿಚ್ಚಿರ್ಲಿಲ್ಲ."

ಪರದೆಯಲ್ಲಿ ಅರ್ಧ ಮುಖಕ್ಕೆ ಬಿಳಿ ಪಟ್ಟಿ ಸುತ್ತಿಕೊಂಡ ಹರೆಯದ ಸ್ವಾಮಿ, ಯಾರದೋ ಹೆಗಲು ಹಿಡಿದು ಹಸೆಯ ಹತ್ತಿರ ಬಂದ. ಮುಷ್ಟಿಯ ತುಂಬ ಅಕ್ಷತೆ. ಮದುಮಗ ಎಲ್ಲಿದ್ದಾನೆಂದು ಒಂದು ಕಣ್ಣಿನಿಂದ ಗುರಿ ಹುಡುಕಿ, ತೋಳೆತ್ತಿದ.

ಚಪ್ಪರದಡಿ ಶಿವರಾಜು ಸರಕ್ಕನೆ ತಲೆ ತಗ್ಗಿಸಿ, ಮುಖಕ್ಕೆ ಬಲಗೈ ಅಡ್ಡ ಹಿಡಿದ. ಸ್ವಾಮಿ ಇನ್ನೂ ಹಿಡಿದೇ ಇದ್ದ ಕೈ.