ಮುಂದಿನ ಸೀಟು

ಗಾಡಿಯ ಮುಂದಿನ ಸೀಟಿನಲ್ಲಿ ಯಾರು ಕೂಡಬೇಕು ಎಂಬ ಪ್ರಶ್ನೆ ಸರಸಂಬಾದ ಬಸವಂತರಾಯರ ಅಂಗಳದಲ್ಲಿ ಎರಡು ರಾಜ್ಯಗಳ ಗಡಿ ತಕರಾರಿನಷ್ಟು ಗಂಭೀರವಾಗಿ ಬೆಳೆದು ನಿಂತಿತ್ತು. ಗಡಿ ಬಹಳ ದೂರವೇನೂ ಇರದ ಊರು. ಇಂಥದನ್ನು ಎಳೆಯುವುದು ಅಲ್ಲಿನವರಿಗೆ ಹೊಸತಲ್ಲ. ಗಾಡಿಯ ಬಾಗಿಲುಗಳೆಲ್ಲ ತೆರೆದಿದ್ದವು. ಡ್ರೈವರನನ್ನು ಬಿಟ್ಟರೆ ಯಾರೂ ಒಳಗೆ ಹತ್ತಿರಲಿಲ್ಲ.

"ಗುರುಶಾಂತ ಅಣ್ಣಾರು ಬೀಗರು. ಅವ್ರೇ ಮುಂದ ಕೂಡಬೇಕು," ಎಂದು ಮನೆಯೊಡತಿ ತುಳಜಾಬಾಯಿ ತೀರ್ಪು ಕೊಟ್ಟಳು.

"ಮಾವಾರ್ಗಿ ಮೊಳಕಾಲು ಬ್ಯಾನಿ ಅದ ಅತ್ತಿ. ಮುಂದ ಆದ್ರ ಕಾಲು ಚಾಚಾಕ ಜಾಗ ಇರ್ತದ," ಎಂದು ಸೊಸೆ ಶಿವಕಾಂತಾ ಅಡ್ಡ ಬಂದಳು.

"ನನ್ನ ಮೊಳಕಾಲಿಗೇನಾಗ್ಯಾದ?" ಬಸವಂತರಾಯರು ಎಲ್ಲರೆದುರು ಒಮ್ಮೆ ಕುಕ್ಕರಿಸಿ ಎದ್ದು ತೋರಿಸಿದರು. ಸೊಸೆಯ ವಾದ ಅಲ್ಲಿಗೆ ಬಿದ್ದುಹೋಯಿತು.

"ಬೀಗತನ ಬಿಡ್ರಿ," ಎಂದ ಗುರುಶಾಂತ, ಆಗಲೇ ಮುಂದಿನ ಬಾಗಿಲಿಗೆ ಕೈ ಹಾಕಿ. "ಡ್ರೈವರ್ ಬಾಜೂಕ ಮಾತಾಡಾವ ಕೂಡಬೇಕು. ಇಲ್ಲಂದ್ರ ಅವ ತೂಕಡಸ್ತಾನ. ನಾ ಕೂತ್ರ ಸತ್ತಾವನೂ ಎದ್ದು ಕೂಡ್ತಾನ, ನೋಡ್ರಿ."

ಸ್ಟೇರಿಂಗ್ ಹಿಡಿದು ಕೂತಿದ್ದ ಮಗ ಶಾಂತಕುಮಾರನಿಗೆ, ಸತ್ತವರನ್ನು ಎಬ್ಬಿಸುವ ಈ ಬಾಯಿಯೇ ಇಂದು ಇಷ್ಟೂ ಜನರನ್ನು ಸಾಯಿಸಬಹುದು ಎಂಬುದು ಗೊತ್ತಿತ್ತು. ಇನ್ನೊಬ್ಬಳಿಗೂ ಗೊತ್ತಿತ್ತು. ಅವಳು ಮಾವನ ಮೊಳಕಾಲಿನ ಕೇಸು ಸೋತು, ಗಂಡನ ಬೆನ್ನ ಹಿಂದಿನ ಸೀಟು ಹಿಡಿದಳು.

ಮನೆಯಲ್ಲಿ ಶಾಂತಕುಮಾರನಿಗೆ ನಿದ್ದೆಬುರುಕ ಎಂಬ ಬಿರುದು ಹಳೆಯದು. ತಟ್ಟೆಯ ಮುಂದೆ, ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ, ತನ್ನದೇ ಮದುವೆಯಲ್ಲಿ ಸ್ವಾಮಿಗಳು ಆಶೀರ್ವಚನ ನೀಡುವಾಗ ಅವನು ನಿದ್ದೆ ಹೋಗಿದ್ದ. (ಕೊನೆಯದರಲ್ಲಿ ಅವನ ತಪ್ಪೊಂದೇ ಇರಲಿಲ್ಲ ಎಂದು ಕೆಲವರ ಅಭಿಪ್ರಾಯ.) ಆದರೆ ಈ ವರ್ಷ ಏಜಾಜನ ಚಹಾದಂಗಡಿಯಲ್ಲಿ ಯಾರದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದವನು ನಿಜವಾಗಿಯೂ ಬಿದ್ದ. ಎಚ್ಚರವಿತ್ತು, ಎಲ್ಲ ಕೇಳಿಸುತ್ತಿತ್ತು. ಮೈ ಮಾತ್ರ ಒದ್ದೆ ಗೋಣಿಚೀಲದಂತೆ ನೆಲದ ಮೇಲಿತ್ತು. ಶಿವಕಾಂತಾ ಅವನನ್ನು ಸೊಲ್ಲಾಪುರಕ್ಕೆ ಎಳೆದೊಯ್ದಳು. ಅಲ್ಲಿ ತಲೆಗೆಲ್ಲ ವೈರು ಅಂಟಿಸಿ ಮಲಗಿಸಿ ನೋಡಿದ ಡಾಕ್ಟರು ನಾರ್ಕೊಲೆಪ್ಸಿ ಎಂದರು. ನಿದ್ದೆಗೂ ಎಚ್ಚರಕ್ಕೂ ನಡುವಿನ ಬಾಗಿಲಿಗೆ ಚಿಲಕ ಇಲ್ಲ ಎಂದು ಬಿಡಿಸಿ ಹೇಳಿದರು. ಬೇಸರವಾದರೆ ನಿದ್ದೆ ನುಗ್ಗುತ್ತದೆ, ಜೋರು ನಗು ಬಂದರೆ ಕೈಕಾಲು ಶಕ್ತಿ ಬಿಡುತ್ತವೆ. ಗುಳಿಗೆ ಹಿಡಿತಕ್ಕೆ ತರುವವರೆಗೆ ಗಾಡಿ ಮುಟ್ಟಬೇಡ.

ಇದು ಮೂರ್ಛೆ ರೋಗವಲ್ಲ ಎಂದೂ ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರು ಸೊಲ್ಲಾಪುರದಲ್ಲಿದ್ದರು, ಮಂದಿ ಊರಲ್ಲಿದ್ದರು. ತಂಗಿ ಭಾಗ್ಯಾಳಿಗೆ ಜೇವರ್ಗಿಯ ಬಟ್ಟೆ ಅಂಗಡಿಯವರ ಮಗ ಕಲ್ಲಿನಾಥನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗಿಯ ಅಣ್ಣ ನಡುರಸ್ತೆಯಲ್ಲಿ ಬೀಳುತ್ತಾನಂತೆ ಎಂಬ ಒಂದು ಮಾತು ಅಲ್ಲಿಗೆ ಮುಟ್ಟಿದರೆ ಸಾಕಿತ್ತು. "ಭಾಗ್ಯಾನ ತಲಿ ಮ್ಯಾಲ ಅಕ್ಕಿಕಾಳು ಬೀಳೂತನಕ ಬಾಯಿ ಮುಚ್ಚಿರೂಣು. ನೀವು ಗಾಡಿ ಮಾತ್ರ ಮುಟ್ಟಬ್ಯಾಡ್ರಿ," ಎಂದಿದ್ದಳು ಶಿವಕಾಂತಾ.

ಇವತ್ತು ಮದುವೆ ಜವಳಿ ತೆಗೆಯಲು ಜೇವರ್ಗಿಗೆ ಹೊರಟಿದ್ದರು. ಬೀಗರದೇ ಅಂಗಡಿ, ಚೌಕಾಶಿ ಮಾಡುವ ಸುಖವೂ ಇಲ್ಲ. ಆಳಂದದ ಮಸೂದ ಗಾಡಿ ಹೊಡೆಯಬೇಕಿತ್ತು. ಬೆಳಿಗ್ಗೆ ಅವನ ಫೋನು ಬಂತು: ತಾಯಿ ಸುಲ್ತಾನಬಿಗೆ ಬಿ.ಪಿ. ಏರಿದೆ, ದವಾಖಾನೆಯಲ್ಲಿದ್ದೇನೆ. ಬಸವಂತರಾಯರು ಬೀಗರಿಗೆ ಕೇಳುವಂತೆ, "ಮನ್ಯಾಗ ಮಗ ಇರಬೇಕಾದ್ರ ಬಾಡಗಿ ಡ್ರೈವರ್ ಯಾಕ ಬೇಕಿತ್ತು?" ಎಂದು ಕೀಲಿಕೈ ಎಸೆದರು. ಭಾಗ್ಯಾಳಿಗೂ ಗಾಡಿ ಬರುತ್ತಿತ್ತು. ಕಡಗಂಚಿಯಲ್ಲಿ ಎಂ.ಎ. ಓದುವಾಗ ಲೈಸೆನ್ಸ್ ತೆಗೆದಿದ್ದಳು, ಕಲಿಸಿದವನು ಅಣ್ಣನೇ. ಆದರೆ ವರನ ಸೋದರಮಾವ ಗುರುಶಾಂತ ಕರೆದೊಯ್ಯಲು ಬಂದು ಎದುರಿಗಿರುವಾಗ ಮದುಮಗಳು ಗಾಡಿ ಹೊಡೆಯುವುದು ಯಾರ ತಲೆಗೂ ಹೊಳೆಯಲಿಲ್ಲ. ಶಾಂತಕುಮಾರ ಗುಳಿಗೆ ನುಂಗಿ, ಸ್ವಲ್ಪ ಹೊತ್ತು ಮಲಗಿ ಎದ್ದು, ಇದೊಂದು ದಿನ ಎಂದುಕೊಂಡ.

ಆಳಂದ ದಾಟುವವರೆಗೆ ಗುರುಶಾಂತ ಎಲೆಯಡಿಕೆ ಹದ ಮಾಡಿಕೊಳ್ಳುತ್ತಿದ್ದ. ಅಫಜಲಪುರ ಸೀಮೆಯಲ್ಲಿ ಅವನ ಮಾತಿಲ್ಲದೆ ಊಟದ ಒಂದು ಪಂಕ್ತಿಯೂ ಏಳುವುದಿಲ್ಲ ಎಂಬ ಖ್ಯಾತಿ. ಆ ಮೌನದಲ್ಲಿ ರಸ್ತೆ ಒಂದೇ ಸಮನೆ ಹರಿಯಿತು. ಎರಡೂ ಕಡೆ ತೊಗರಿ, ತೊಗರಿ, ಮತ್ತೆ ತೊಗರಿ. ಶಾಂತಕುಮಾರನ ಕಣ್ಣಿನ ಅಂಚಿನಲ್ಲಿ ಪರಿಚಿತವಾದ ಬಿಸಿ ಏರತೊಡಗಿತು. ಒಂದು ತೊಗರಿ ಹೊಲ ಬಂತು, ಆಮೇಲೆ ಇನ್ನೊಂದು ಬಂತು, ನಡುವಿನದು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಹಿಂದಿನಿಂದ ಶಿವಕಾಂತಾಳ ಉಗುರು ಕುತ್ತಿಗೆಗೆ ನೆಟ್ಟಿತು.

"ಮಾತಾಡ್ರಿ ಅಣ್ಣಾರ," ಎಂದಳು ಅವಳೇ. ಎಲ್ಲಿ ನಗಿಸಿಬಿಡುತ್ತಾನೋ ಎಂದು ತಕ್ಷಣ ಸೇರಿಸಿದಳು: "ತೊಗರಿ ರೇಟು ಹ್ಯಾಂಗದ ಈಗ?"

"ತೊಗರಿ ಸುದ್ದಿ ಹೇಳಿದ್ರ ಡ್ರೈವರ್ ಅಲ್ಲ, ಇಂಜಿನ್ನೂ ಮಲಗ್ತದ," ಎಂದು ಗುರುಶಾಂತ ಕಿಟಕಿಯಿಂದ ಉಗುಳಿ ಶುರು ಮಾಡಿದ.

ಅಲ್ಲಿಂದ ಮುಂದೆ ಶಾಂತಕುಮಾರ ನಿದ್ದೆಗೂ ನಗುವಿಗೂ ನಡುವಿನ ಒಂದು ಬದುವಿನ ಮೇಲೆ ಗಾಡಿ ನಡೆಸಿದ. ಕಡಗಂಚಿ ದಾಟುವಾಗ ಗುರುಶಾಂತ ತನ್ನೂರಿನ ಪೋಸ್ಟ್‌ಮನ್ನನ ಕತ್ತೆಯ ಕತೆ ಹೇಳಿದ. ಶಾಂತಕುಮಾರ ಸತ್ತ ಅಜ್ಜಿಯ ಮುಖ ನೆನೆದು ದಾಟಿದ. ಕಲಬುರಗಿಯ ವರ್ತುಲ ರಸ್ತೆಯಲ್ಲಿ ಎರಡನೇ ಹೆಂಡತಿಗೆ ಹೆದರಿ ಬಾವಿಯಲ್ಲಿ ಅಡಗಿದವನ ಕತೆ ಬಂತು. ಶಾಂತಕುಮಾರ ತೊಗರಿಗೆ ಬಂದ ನೆಟೆ ರೋಗವನ್ನು, ಒಣಗಿ ನಿಂತ ಗಿಡಗಳನ್ನು ಒಂದೊಂದಾಗಿ ಕಣ್ಮುಂದೆ ತಂದುಕೊಂಡ. ಹಿಂದೆ ತುಳಜಾಬಾಯಿ ಸೆರಗು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಳು. ಬಸವಂತರಾಯರ ಮೀಸೆ ಕುಣಿಯುತ್ತಿತ್ತು. ಡ್ರೈವರ್ ಮಾತ್ರ ಸಾವಿನ ಮನೆಗೆ ಹೊರಟವನಂತೆ ರಸ್ತೆ ನೋಡುತ್ತಿದ್ದ.

ಮಾತುಗಾರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

"ಬೀಗರ, ನಿಮ್ಮ ಮಗ ನಗಾಂಗಿಲ್ಲೇನ್ರಿ? ನಮ್ಮ ಮ್ಯಾಲ ಏನರೆ ಸಿಟ್ಟದೇನು?"

"ಲೇ ಶಾಂತ್ಯಾ, ಹಿರ್ಯಾರು ಹೇಳಾಕತ್ತಾರ, ಜರಾ ಹಲ್ಲು ಬಿಡು," ಎಂದರು ರಾಯರು.

"ಇಲ್ಲಪಾ, ರೋಡಿನ ಮ್ಯಾಲ ಲಕ್ಷ್ಯ ಅದ."

"ಇರ್ಲಿ, ಇವನ್ನ ನಗಸ್ದೇ ಜೇವರ್ಗಿಗಿ ಕಾಲಿಡೂದಿಲ್ಲ ನಾ," ಎಂದು ಗುರುಶಾಂತ ಸೀಟಿನಲ್ಲಿ ಅರ್ಧ ತಿರುಗಿ, ಡ್ರೈವರನ ಕಿವಿಗೇ ಬಾಯಿಟ್ಟ. "ನಮ್ಮ ಕಡೀ ಸೈದಪ್ಪ ಅಂತೊಬ್ಬ ಮುದುಕ. ಹೊಸಾ ಹಲ್ಲಿನ ಸೆಟ್ ಹಾಕಸ್ಕೊಂಡು ಬೀಗರ ಮನಿ ಊಟಕ್ಕ ಹೋದ. ಹೋಳಗಿ ಬಡಿಸಿದ್ರು. ಹೋಳಗಿ ಅಲ್ರಿ ಅದು, ಚಪ್ಪಲಿ ಅಟ್ಟಿ! ಕಡದು ಜಗ್ಗಿದ. ಹೋಳಗಿ ಕೈಯಾಗ ಬಂತು, ಹಲ್ಲು ಹೋಳಗ್ಯಾಗ ಬಂದ್ವು."

ನೆಟೆ ರೋಗ. ಒಣಗಿದ ಗಿಡ. ಎದುರಿಗೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರು ಎಳೆದುಕೊಂಡು ತೇಲಾಡುತ್ತ ಬರುತ್ತಿತ್ತು. ಅದರ ಹಿಂದೆ ಭೀಮಾ ನದಿಯ ಸೇತುವೆ ಕಾಣಿಸಿತು.

"ಬೀಗರ ಮುಂದ ಮಾನ ಹೋಗ್ತದಂತ ಹೋಳಗೀನ ಹಲ್ಲ ಸಮೇತ ಮಡಚಿ ಎಲಿ ಬುಡಕ ಇಟ್ಟ. ಕೈ ತೊಳ್ಕೊಂಡು ಬರೂದ್ರಾಗ ಎಲಿ ಎತ್ತಿ ತಿಪ್ಪಿಗಿ ಒಗದಿದ್ರು! ಧೋತರ ಎತ್ತಿ ಕಟ್ಟಿ ಓಡ್ದ ನೋಡ್ರಿ ಮುದುಕ. ಒಂದೊಂದೇ ಎಲಿ ತಗದು ನೋಡ್ದ. ಹಲ್ಲು ಸಿಕ್ವು." ಗುರುಶಾಂತ ಅಲ್ಲಿ ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿತ್ತು. "ಒಂದಲ್ಲ ತಮ್ಮಾ. ಮೂರು ಸೆಟ್ ಸಿಕ್ವು!"

ನಗು ಹೊಟ್ಟೆಯೊಳಗಿಂದ ಎದ್ದಿತು. ಅಜ್ಜಿಯೂ ಒಣಗಿದ ಗಿಡಗಳೂ ಅದನ್ನು ತಡೆಯಲಿಲ್ಲ. ಮೊದಲು ದವಡೆ ಜಾರಿತು. ಗೋಣು ತನ್ನಷ್ಟಕ್ಕೆ ಒಮ್ಮೆ ಮುಂದೆ ಬಿದ್ದು ಎದ್ದಿತು. ಬೆರಳುಗಳು ಸ್ಟೇರಿಂಗಿನ ಮೇಲಿದ್ದವು, ಆದರೆ ಅವು ಬೇರೆ ಯಾರದೋ ಬೆರಳುಗಳು. ಗಾಡಿ ಬಲಕ್ಕೆ ವಾಲಿತು. ಟ್ರ್ಯಾಕ್ಟರಿನ ಹಾರ್ನು ಕಿವಿ ತುಂಬಿತು. ಹಿಂದಿನಿಂದ ಶಿವಕಾಂತಾ ಎರಡೂ ಕೈ ಚಾಚಿ ಅವನ ತೋಳುಗಳನ್ನು ಸ್ಟೇರಿಂಗಿಗೆ ಒತ್ತಿ ಎಡಕ್ಕೆ ಎಳೆದಳು. ಕಬ್ಬಿನ ಗರಿಗಳು ಕಿಟಕಿಯನ್ನು ಕೆರೆದು ಹೋದವು. ಕಾಲಿಗೆ ಜೀವ ಬಂದೊಡನೆ ಅವನು ಬ್ರೇಕು ತುಳಿದ. ಗಾಡಿ ಸೇತುವೆಗೆ ಸ್ವಲ್ಪ ಹಿಂದೆ, ಜಾಲಿಕಂಟಿಗೆ ಮೂತಿ ತಾಗಿಸಿ ನಿಂತಿತು.

ಮೊದಲು ಚೇತರಿಸಿಕೊಂಡವನು ಗುರುಶಾಂತ. "ಟ್ರ್ಯಾಕ್ಟರಿನವ್ರಿಗಿ ಕಣ್ಣೇ ಇರಾಂಗಿಲ್ಲ ನೋಡ್ರಿ. ಛಲೋ ಉಳಸಿದಿ ತಮ್ಮಾ. ನಡಿ, ನಡಿ."

ಹೀಗೆ ತಪ್ಪನ್ನು ಟ್ರ್ಯಾಕ್ಟರಿನ ಮೇಲೆ ಹೊರಿಸಿ, ಶಾಂತಕುಮಾರನ ಮುಂದೆ ದಾರಿಯನ್ನು ಗುಡಿಸಿ ಕೊಟ್ಟಾಗಿತ್ತು. ಕೀಲಿ ತಿರುಗಿಸಿದರೆ ಸೇತುವೆ. ಸೇತುವೆ ದಾಟಿದರೆ ಜೇವರ್ಗಿ. ಅಲ್ಲಿ ಹಾಸಿಟ್ಟ ಸೀರೆಗಳು. ಅವನು ಕನ್ನಡಿಯಲ್ಲಿ ನೋಡಿದ. ಭಾಗ್ಯಾ ಅವನನ್ನೇ ನೋಡುತ್ತಿದ್ದಳು. ಅತ್ತಿಗೆಯ ಕೈಗಳು ಹೇಗೆ ಅಷ್ಟು ಬೇಗ ಬಂದವು ಎಂದು ಅವಳು ಯೋಚಿಸುತ್ತಿದ್ದಂತಿತ್ತು. ಶಿವಕಾಂತಾ ಮಾತ್ರ ಕಿಟಕಿಯಾಚೆ ಮುಖ ಮಾಡಿದ್ದಳು. ಈ ಸಲ ಅವಳು ಯಾವ ಮೊಳಕಾಲಿನ ನೆವವನ್ನೂ ಹುಡುಕಲಿಲ್ಲ.

ಶಾಂತಕುಮಾರ ಕೀಲಿಕೈಯನ್ನು ಹೊರಗೆಳೆದ.

"ಟ್ರ್ಯಾಕ್ಟರಿಂದಲ್ರಿ. ನಂದು. ನನಗ ಜಡ್ಡದ."

ಹೇಳಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತುಳಜಾಬಾಯಿ "ಯವ್ವಾ" ಎಂದಳು. ರಾಯರು ತಾವು ಎಸೆದ ಕೀಲಿಕೈಯನ್ನೇ ನೋಡಿದರು.

"ನಗೂದೂ ಒಂದು ಜಡ್ಡೇನು?" ಎಂದ ಗುರುಶಾಂತ. ಯಾರೂ ನಗಲಿಲ್ಲ. ಅವನು ಟ್ರ್ಯಾಕ್ಟರು ಹೋದ ದಿಕ್ಕಿಗೆ ಒಮ್ಮೆ ತಿರುಗಿ ನೋಡಿದ. ಆಮೇಲೆ, ದನಿ ಇಳಿಸಿ: "ಇದು ರಕ್ತದಾಗ ಬರ್ತದೇನು?"

"ಹಂಗೇನು ಎಲ್ಲಾರ್ಗೂ ಬರೂದಲ್ಲಂತ ಡಾಕ್ಟರ್ ಹೇಳ್ಯಾರ್ರಿ," ಎಂದಳು ಶಿವಕಾಂತಾ.

"ಅಣ್ಣಾ, ಕೀಲಿ ಕೊಡು," ಎಂದಳು ಭಾಗ್ಯಾ, ಆಗಲೇ ಕೆಳಗಿಳಿದು ಅವನ ಬಾಗಿಲ ಬಳಿ ನಿಂತು. "ಕೆಳಗ ಇಳಿ."

ಅವಳು ಸೀಟನ್ನು ಮುಂದಕ್ಕೆಳೆದು, ಕನ್ನಡಿ ತಿರುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೇತುವೆ ದಾಟಿಸಿದಳು. ಗುರುಶಾಂತ ಜೇವರ್ಗಿಯವರೆಗೆ ಒಂದು ಮಾತೂ ಆಡಲಿಲ್ಲ.

ಅಂಗಡಿಯ ಮುಂದೆ ಕಲ್ಲಿನಾಥ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಡ್ರೈವರನ ಬಾಗಿಲಿನಿಂದ ಭಾಗ್ಯಾ ಇಳಿದದ್ದು ನೋಡಿ ಅವನಿಗೆ ಸಂತೋಷವಾದಂತಿತ್ತು. ಗುರುಶಾಂತ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಭಾವನ, ಕಲ್ಲಿನಾಥನ ತಂದೆಯ, ಕಿವಿಯ ಬಳಿ ಬಾಗಿದ. ಬಿಳಿ ಗಾದಿಯ ಮೇಲೆ ಸೀರೆಗಳನ್ನು ಬಿಚ್ಚಿ ಹರವಿದ್ದರು. ಬಂದವರಿಗೆ ಚಹಾ ಕೊಟ್ಟರು, ಸಕ್ಕರೆ ಜಾಸ್ತಿಯಿತ್ತು. ಅವರು ಚಹಾ ಕುಡಿಯುವುದರೊಳಗೆ ಕೆಲಸದವರು ಸೀರೆಗಳನ್ನು ಒಂದೊಂದಾಗಿ ಮಡಚತೊಡಗಿದರು.

"ಇವತ್ತು ದಿವಸ ಛಲೋ ಇಲ್ಲಂತ್ರಿ," ಎಂದರು ಅಂಗಡಿಯವರು, ಬಹಳ ಮರ್ಯಾದೆಯಿಂದ. "ಅಮಾಸಿ ಆಗ್ಲಿ. ಹೇಳಿ ಕಳಸ್ತೇವಿ." ಕಲ್ಲಿನಾಥ ತನ್ನ ಅಂಗಿಯ ಗುಂಡಿ ನೋಡುತ್ತಿದ್ದ.

ಗುರುಶಾಂತ ಅಂಗಡಿಯಲ್ಲೇ ಉಳಿದ; ತಿರುಗಿ ಬರುವಾಗ ಮುಂದಿನ ಸೀಟಿನ ತಕರಾರು ಏಳಲಿಲ್ಲ. ಭಾಗ್ಯಾಳ ಪಕ್ಕದಲ್ಲಿ ಶಾಂತಕುಮಾರ ಕೂತು ಬೆಲ್ಟು ಹಾಕಿಕೊಂಡ. ಯಾರೂ ಯಾರನ್ನೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಭೀಮಾ ಸೇತುವೆ ಬಂತು. ಜಾಲಿಕಂಟಿ ಬಂತು. ಅದು ಹಿಂದೆ ಸರಿದ ಮೇಲೆ ತುಳಜಾಬಾಯಿ, ಬಹಳ ಹೊತ್ತಿನಿಂದ ಅದನ್ನೇ ಯೋಚಿಸುತ್ತಿದ್ದವಳಂತೆ, ಕೇಳಿದಳು:

"ಅಲ್ಲ, ಆ ಸೈದಪ್ಪ ಯಾವ ಹಲ್ಲು ಹಾಕ್ಕೊಂಡ ಮತ್ತ?"

ಮೊದಲು ಭಾಗ್ಯಾಳ ಭುಜ ಅಲುಗಿತು. ಆಮೇಲೆ ಶಿವಕಾಂತಾ ಮೂಗಿನಿಂದ ಸದ್ದು ಹೊರಡಿಸಿದಳು. ರಾಯರು ಕೂಡ ಕೆಮ್ಮಿನ ನೆವ ಮಾಡಿಕೊಂಡು ಸೋತರು. ಶಾಂತಕುಮಾರ ಅಜ್ಜಿಯನ್ನು ಕರೆಯಲಿಲ್ಲ, ತೊಗರಿಯನ್ನೂ ಕರೆಯಲಿಲ್ಲ. ದವಡೆ ಜಾರಿತು, ಗದ್ದ ಎದೆಗೆ ಬಿತ್ತು, ಕೈಗಳು ತೊಡೆಯ ಮೇಲೆ ಅಂಗೈ ಮೇಲಾಗಿ ಬಿಚ್ಚಿಕೊಂಡವು. ಬೆಲ್ಟು ಅವನನ್ನು ಹಿಡಿದುಕೊಂಡಿತು. ಗಾಡಿ ನೆಟ್ಟಗೆ ಹೋಗುತ್ತಿತ್ತು.

ಅಮಾವಾಸ್ಯೆ ಕಳೆಯಿತು. ಜೇವರ್ಗಿಯಿಂದ ಯಾರೂ ಹೇಳಿ ಕಳಿಸಲಿಲ್ಲ.