ಒಲೆಯ ಬೂದಿ ಎಲ್ಲಿ ಹೋಯಿತು

ಎಪ್ಪತ್ನಾಲ್ಕರ ಮಳೆಗಾಲ. ಕಾಶಿಯ ಮಠಕ್ಕೆ ಹೊಳೆಯಾಚೆ ರಾಮನಗರದಲ್ಲಿ ಒಂದು ತುಂಡು ಹೊಲವಿತ್ತು. ದೀಪದ ಬತ್ತಿಗೂ ಭಕ್ತರು ಲಿಂಗ ಕಟ್ಟಿಕೊಳ್ಳುವ ಶಿವದಾರಕ್ಕೂ ಹತ್ತಿ ಅಲ್ಲಿಂದಲೇ ಬರಬೇಕು. ಆ ವರ್ಷ ಗಿಡ ಎದೆಮಟ್ಟ ಬೆಳೆದು ಕಪ್ಪು ಹಸಿರಾಗಿ ತೊನೆಯುತ್ತಿತ್ತು. ಕಂಡವರೆಲ್ಲ ಹೊಗಳಿದರು. ನೀಲಗಂಗಮ್ಮನಿಗೆ ಮಾತ್ರ ಆ ಸೊಕ್ಕು ಹಿಡಿಸಲಿಲ್ಲ. ಎಲೆಯಂಚು ಸೀದ ರೊಟ್ಟಿಯಂತೆ ಕಂದಿತ್ತು. ಕಾಯಿ ಬಲಿಯುವ ಮೊದಲೇ ಉದುರುತ್ತಿತ್ತು.

"ಈ ಸಲ ಹತ್ತಿ ಬರಲಿಲ್ಲಂದ್ರ ಹೊಲ ಪರ್ವಲ್ ಕಾಯಿಪಲ್ಲೆ ಬೆಳಿಯೋನಿಗೆ ಕೊಡೂದ," ಎಂದು ಮಠದ ಆಡಳಿತ ನೋಡುವ ಶಿವಮೂರ್ತಯ್ಯ ಹೇಳಿಬಿಟ್ಟಿದ್ದರು. "ಬತ್ತಿ ಬಜಾರದಾಗೂ ಸಿಗ್ತಾವ." ಗಂಡ ಸತ್ತು ಮಠ ಸೇರಿದಂದಿನಿಂದ ಆ ಹೊಲವೇ ನೀಲಗಂಗಮ್ಮನ ಸಂಸಾರ. ಅದು ಹೋದರೆ ಅಡುಗೆಮನೆಯ ಮೂಲೆಯಲ್ಲಿ ಕೂತು ಉಣ್ಣುವ ಮುದುಕಿ, ಅಷ್ಟೇ.

ಕೃಷಿ ಇಲಾಖೆಯ ಸಾಹೇಬ ಬಂದು ಎಲೆ ಕಿತ್ತು ನೋಡಿದ. "ಮಾತಾಜಿ, ಯೂರಿಯಾ ಜಾಸ್ತಿಯಾಗಿದೆ, ಪೊಟ್ಯಾಷ್ ಸಾಲದು. ಎಲೆ ಹೊಟ್ಟೆ ತುಂಬ ಉಣ್ಣುತ್ತಿದೆ, ಕಾಯಿ ಉಪವಾಸ ಬಿದ್ದಿದೆ. ಪೊಟ್ಯಾಷ್ ಈಗ ಎಲ್ಲೂ ಸಿಗುತ್ತಿಲ್ಲ. ಸೌದೆಯ ಬೂದಿ ಹಾಕಿ, ಅದರಲ್ಲೂ ಆ ಸಾರ ಇದೆ. ಯೂರಿಯಾದ ಜೊತೆ ಮಾತ್ರ ಬೆರೆಸಬೇಡಿ."

ಬೂದಿ! ಹಳೆಯ ಮಾಲಿ ಇದ್ದಾಗ ಮಠದ ಒಲೆಯ ಬೂದಿಯೆಲ್ಲ ಹೊಲಕ್ಕೇ ಬರುತ್ತಿತ್ತು. ಅವನ ಜಾಗಕ್ಕೆ ಹಾವೇರಿ ಕಡೆಯ ಹಾಲಯ್ಯ ಬಂದ ಮೇಲೆ ಹೊಲಕ್ಕೆ ಬರುವುದು ಯೂರಿಯಾ ಚೀಲ ಒಂದೇ. ದಿನಾ ಅಷ್ಟು ಸೌದೆ ಉರಿಯುತ್ತದೆ, ಒಲೆ ನೋಡಿದರೆ ಬಳಿದಿಟ್ಟ ಹಾಗೆ ಖಾಲಿ. ಹಾಗಾದರೆ ಬೂದಿ ಎಲ್ಲಿ?

ಅವಳ ಕಣ್ಣು ಹಾಲಯ್ಯನ ಮೇಲೆ ನೆಟ್ಟಿತು. ಬೆಳಗಾಗುವ ಮೊದಲೇ ಬಕೆಟ್ಟಿಗೆ ಬಟ್ಟೆ ಮುಚ್ಚಿಕೊಂಡು ಹೊರಡುತ್ತಿದ್ದ. ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಠಠೇರಿ ಬಜಾರಿನ ಪಾತ್ರೆ ಅಂಗಡಿಗಳಿಗೆ ತಿಕ್ಕಲು ಬೂದಿ ಬೇಕೇ ಬೇಕು. ಮಾರುತ್ತಿದ್ದಾನೆ, ಮತ್ತಿನ್ನೇನು! ಕೇಳಿದರೆ ಇಲ್ಲವೆಂದಾನು, ಕಳ್ಳನನ್ನು ಮಾಲು ಸಮೇತ ಹಿಡಿಯಬೇಕೆಂದು ತಾಳಿಕೊಂಡಳು.

ಒಂದು ಮುಂಜಾನೆ ಸೆರಗು ಬಿಗಿದು ಅವನ ಹಿಂದೆಯೇ ನಡೆದಳು. ಅವನು ಬಜಾರಿನತ್ತ ತಿರುಗಲೇ ಇಲ್ಲ. ನೇರ ಘಾಟಿನ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ಕಣ್ಣು ಮುಚ್ಚಿ, ಬೂದಿಯನ್ನು ಹಿಡಿಹಿಡಿಯಾಗಿ ಗಂಗೆಗೆ ಬಿಡತೊಡಗಿದ.

"ಹಾಲಯ್ಯನೋರ! ಏನ್ ನಡಸೀರಿ ಇದು?"

ಬೆಚ್ಚಿದ ಹಾಲಯ್ಯನ ಕೈಯಿಂದ ಬಕೆಟ್ ಜಾರಿತು. "ಅವ್ವಾರ... ಮಠದ ಒಲಿಯಾಗ ವಿಭೂತಿ ಉಂಡಿ ಸುಡ್ತೀವಿ. ಅದರ ಬೂದಿ ಹೊಲದಾಗ ಚೆಲ್ಲಿ ಕಾಲಾಗ ತುಳಿಯೂದಾ? ಹಿಂದಿನವ ಹಂಗ ಮಾಡ್ತಿದ್ನಂತ. ಹೇಳಿದ್ರ ನೀವು ಬೈತೀರಿ ಅಂತ ಸುಮ್ಮನಿದ್ದೆ."

"ಅದಕ್ಕ ಯೂರಿಯಾ ಸುರದ್ರಿ?"

"ಹೂಂರಿ. ಅದನ್ನ ಹಾಕಿದ್ರ ಗಿಡ ಹಸರಾಗಿ ಕಾಣ್ತಿತ್ತ..."

ನೀಲಗಂಗಮ್ಮ ಬಕೆಟ್ ಎತ್ತಿ ಮೆಟ್ಟಿಲ ಮೇಲಿಟ್ಟಳು. ಕಳ್ಳನಾಗಿದ್ದರೆ ಬೈದು ಓಡಿಸಬಹುದಿತ್ತು. ಭಕ್ತನನ್ನು ಏನು ಮಾಡುವುದು?

"ಶಿವ ಮೈತುಂಬ ಬಳಕೊಂಡದ್ದು ಗಿಡದ ಬುಡಕ್ಕ ಬಿದ್ರ ಮೈಲಿಗೆ ಆಗ್ತದೇನ್ರಿ? ಆ ಗಿಡದ ಹತ್ತೀನ ಶಿವದಾರ ಆಗಿ ನಿಮ್ಮ ಕೊರಳಾಗ ಕುಂತದ."

ಹಾಲಯ್ಯ ಕೊರಳಿನ ದಾರ ಮುಟ್ಟಿಕೊಂಡ. "ಖರೇ... ಆದ್ರ ಕಾಲು?"

"ಬುಡದಾಗ ಗುಂಡಿ ತಗದು ಹಾಕಿ ಮಣ್ಣು ಮುಚ್ಚೋಣ. ಯಾರ ಕಾಲೂ ತಾಗೂದಿಲ್ಲ."

ಅಂದಿನಿಂದ ಯೂರಿಯಾ ನಿಂತಿತು, ಬೂದಿ ದೋಣಿ ಹತ್ತಿತು. ಕೆಳಗಿನ ಕೊಂಬೆಗಳ ಕಾಯಿ ಆಗಲೇ ಹೋಗಿತ್ತು. ಆ ನಷ್ಟ ತುಂಬಲಿಲ್ಲ. ಆದರೆ ತಡವಾಗಿ ಕಟ್ಟಿದ ಮೇಲಿನ ಕಾಯಿ ನಿಂತು, ದೀಪಾವಳಿ ಕಳೆದ ಮೇಲೆ ಬಿರಿಯಿತು. ಶಿವಮೂರ್ತಯ್ಯ ಬಂದು ಒಂದು ಕಾಯಿ ಬಿಡಿಸಿ ಎಳೆ ಎಳೆದು ನೋಡಿದರು.

"ಶಿವದಾರಕ್ಕ ಸಾಕು. ಬತ್ತಿ ಅರ್ಧ ಕೊಳ್ಳಬೇಕಾದೀತು," ಎಂದರು. "ಪರ್ವಲ್‌ನವ ಮುಂದಿನ ವರ್ಷ ತನಕ ಕಾಯಲಿ."

ಒಂದು ವರ್ಷ ಸಿಕ್ಕಿತು. ನೀಲಗಂಗಮ್ಮ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸಲು ಸಾಲಿಗೆ ಇಳಿದಳು. ಹಾಲಯ್ಯ ಇನ್ನೂ ಬದುವಿನ ಮೇಲೆಯೇ ನಿಂತು, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

"ಎಲ್ಲಾ ಗಿಡಕ್ಕೂ ಶರಣು ಮಾಡೋರೇನ್ರಿ? ಇಳೀರಿ, ಬಿಸಲೇರಾಕ ಹತ್ತೇತಿ!"